ಗೋಣಿಚೀಲದಡಿಯ ಕೂಗು

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಹೊಳೆಯ ನಡುವೆ ದೋಣಿ ನಿಲ್ಲಿಸಿಕೊಂಡು ಕಿವಿಯಣ್ಣ ಬಿದಿರ ಗಳದ ಒಂದು ತುದಿಯನ್ನು ನೀರಿಗಿಳಿಸಿದ್ದಾರೆ, ಇನ್ನೊಂದು ತುದಿಗೆ ಕಿವಿ ಹಚ್ಚಿದ್ದಾರೆ. ಸುತ್ತಲಿನ ದೋಣಿಗಳಲ್ಲಿ ಯಾರೂ ತುಟಿಪಿಟಕ್ಕೆನ್ನುವುದಿಲ್ಲ. ಅವರು ಕೈ ಎತ್ತಿದರೆ ಅಲ್ಲಿ ಮೀನಿದೆ ಎಂದರ್ಥ; ಆಮೇಲೆಯೇ ಬಲೆ. ಆದರೆ ಹತ್ತಿರದಿಂದ ನೋಡಿದರೆ ಕಿವಿ ಗಳದ ಮೇಲಿದೆ, ಕಣ್ಣು ಮಾತ್ರ ಕಾಲಬುಡದ ಗೋಣಿಚೀಲದ ಸಂದಿನಲ್ಲಿದೆ.

ಗಳಕ್ಕೆ ಕಿವಿಗೊಟ್ಟು ಮೀನು ಪತ್ತೆ ಮಾಡುವುದನ್ನು ಅವರಿಗೆ ಕಲಿಸಿದ್ದು ಹೆಂಡತಿಯ ಅಪ್ಪ. ತಳದ ಮರಳು ಉರುಳುವುದು ಬೇರೆ, ಮೀನಿನ ಹಿಂಡು ಕೆಸರು ಕೆದಕುವುದು ಬೇರೆ. ಹಾಗಾಗಿಯೇ ಕಿವಿಯಣ್ಣ ಎಂಬ ಹೆಸರು. ಪ್ರತಿ ಬಲೆಯ ಮೊದಲ ಮೀನು ಅವರ ದೋಣಿಗೆ ಬೀಳುತ್ತದೆ. ಅದಕ್ಕೆ ಇಲ್ಲಿಯವರು 'ಕಿವಿಪಾಲು' ಅನ್ನುತ್ತಾರೆ.

ಹೋದ ವರ್ಷ ಬಂದ ಜ್ವರ ಹೋಗುವಾಗ ಅರ್ಧ ಕಿವಿಯನ್ನೂ ಜೊತೆಗೆ ಕರೆದೊಯ್ದಿತು. ಎದುರು ನಿಂತು ಗಟ್ಟಿಯಾಗಿ ಮಾತಾಡಿದರೆ ಕೇಳುತ್ತದೆ. ಸಣ್ಣ ಸದ್ದು, ಕೀಚಲು ಸದ್ದು ಕೇಳುವುದಿಲ್ಲ. ಗಳ ಮೂಕವಾಯಿತು. ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೇ.

"ಹೇಳಿಬಿಡಿ ಅಂದೆ. ನೀವೇನು ಕದ್ದಿದ್ದೀರಾ?" ಎನ್ನುತ್ತಿದ್ದರು ಆಕೆ ಮನೆಯಲ್ಲಿ.

"ಕದ್ದ ಹಾಗೇನೇ ಕಣೆ. ಕೇಳದ ಕಿವಿಗೆ ಪಾಲು ತಿಂತಿದ್ದೀನಲ್ಲ."

ಹೇಳಲು ಬಾಯಿ ಬರಲಿಲ್ಲ. ಗುರುತಿನವರು ಯಾರೂ ಸಿಗದ ದೂರದ ಪೇಟೆಗೆ ಬಸ್ಸು ಹತ್ತಿ, ಒಬ್ಬರೇ ಹೋಗಿ, ನೀರಡಿಯ ಮೀನನ್ನು ಪರದೆಯಲ್ಲಿ ತೋರಿಸುವ ಫಿಶ್‌ಫೈಂಡರ್ ಕೇಳಿದರು. ಅಂಗಡಿಯವನು ಒಳ್ಳೆಯವನೇ. ದೊಡ್ಡ ಪರದೆಯದನ್ನು ತಾನೇ ಪಕ್ಕಕ್ಕೆ ಸರಿಸಿ, "ಅದು ಆಳದ ನೀರಿಗೆ. ಹೊಳೆಗೆ ಬೇಡ ಯಜಮಾನ್ರೇ, ದೋಣಿ ಅಡಿ ತಟ್ಟೆ ಅಗಲದಷ್ಟೇ ಕಾಣುತ್ತೆ. ಅಗಲಕ್ಕೆ ನೋಡೋದು ತಗೊಳ್ಳಿ" ಎಂದ. ಬಿಸಿಲಿನಲ್ಲೂ ಚಿತ್ರ ಕಾಣುವಂಥದ್ದು, ಹರಿವ ನೀರಿನ ಕಸಕ್ಕೆ ಸಿಕ್ಕಿಕೊಳ್ಳದಂತೆ ದೋಣಿಯ ಹಿಂಬದಿಗೆ ಅಂಟಿ ಕೂರುವಂಥದ್ದು ಆರಿಸಿಕೊಟ್ಟ. ಕಿವಿಯಣ್ಣನಿಗೆ ಇದ್ದದ್ದು ಒಂದೇ ಚಿಂತೆ: ಗೋಣಿಚೀಲದಡಿ ಅಡಗುತ್ತದೆಯೇ? ಕಟ್ಟಿಕೊಡುವಾಗ ಅಂಗಡಿಯವನು ಬೆನ್ನು ತಿರುಗಿಸಿ ಇನ್ನೇನೋ ಕೇಳಿದ. ಇವರು "ಹ್ಞೂಂ" ಎಂದು ತಲೆಯಾಡಿಸಿದರು. ಕೇಳಿಸದಿದ್ದಾಗಲೆಲ್ಲ ತಲೆಯಾಡಿಸುವುದು ಈಗ ಅವರಿಗೆ ರೂಢಿಯಾಗಿದೆ.

ಇವತ್ತು ಅವರು ಕೈ ಎತ್ತುವ ಮೊದಲೇ ಪಕ್ಕದ ದೋಣಿಯಿಂದ ಬಲೆ ಬೀಳುತ್ತದೆ. ಆ ದೋಣಿಯಲ್ಲಿರುವುದು ಹೆಂಡತಿಯ ತಂಗಿ. ಭಾವನನ್ನು ಕಾಡದಿದ್ದರೆ ಆಕೆಗೆ ಉಂಡದ್ದು ಕರಗುವುದಿಲ್ಲ.

"ನಾನಿನ್ನೂ ಕೈ ಎತ್ತಲಿಲ್ಲವಲ್ಲಮ್ಮ?"

"ಅದು ಕೂಗ್ತಲ್ಲ ಭಾವ!"

"ಯಾವುದು?"

"ನಿಮ್ಮ ಗೋಣಿಚೀಲ. ಮೀನು ಕಂಡಾಗೆಲ್ಲ ಕೂಗುತ್ತೆ, ಹೊಳೆಗೆಲ್ಲಾ ಕೇಳುತ್ತೆ. ನೀವು ಕೈ ಎತ್ತಲಿ ಅಂತ ದಿನಾ ಸುಮ್ನೆ ಕಾಯ್ತೀವಿ. ಇವತ್ತು ಚಳಿ ತಡೀಲಿಲ್ಲ."

ನಗುತ್ತ ಶುರುವಾದ ಮಾತು ಅವರ ಮುಖ ನೋಡಿ ಅರ್ಧಕ್ಕೆ ನಿಲ್ಲುತ್ತದೆ. ಅಂದು ಅಂಗಡಿಯಲ್ಲಿ ತಲೆಯಾಡಿಸಿದ್ದು ಯಾವ ಪ್ರಶ್ನೆಗೆಂದು ಕಿವಿಯಣ್ಣನಿಗೆ ಈಗ ಗೊತ್ತಾಗಿದೆ: ಮೀನು ಕಂಡಾಗ ಸದ್ದು ಬರುವ ಹಾಗೆ ಇಡಲೇ ಎಂದಿರಬೇಕು. ಇಷ್ಟು ದಿನ ಇಡೀ ಹೊಳೆಯೆದುರು ಗಳಕ್ಕೆ ಕಿವಿ ಹಚ್ಚಿ ನಾಟಕ ಆಡಿದ್ದಾಯಿತು. ಅವರೆಲ್ಲ ಕೇಳಿಯೂ ಕೇಳದವರ ಹಾಗಿದ್ದು, ಕಿವಿಪಾಲನ್ನೂ ತಪ್ಪದೆ ಎಸೆದರಲ್ಲ, ಆ ಮರ್ಯಾದೆಯೇ ಹೆಚ್ಚು ಚುಚ್ಚುತ್ತದೆ. ಭೂಮಿ ಬಾಯಿಬಿಡಲಿ ಅನ್ನೋಣವೆಂದರೆ ಕೆಳಗಿರುವುದು ನೀರು. ನಾಚಿಕೆಯಿಂದ ಅವರ ಕುತ್ತಿಗೆಯವರೆಗೂ ಕೆಂಪಡರಿದೆ.

ಬಲೆ ಮೇಲೆ ಬರುತ್ತದೆ. ಮೊದಲ ಮೀನು ಅವರ ಕಾಲಬುಡದಲ್ಲಿ ಬಿದ್ದು ಒದ್ದಾಡುತ್ತದೆ.

"ಇನ್ಮೇಲೆ ಇದು ಬೇಡಮ್ಮ. ಹಾಕಬೇಡಿ."

"ಹಾಕೋರು ನಾವು. ಬೇಡ ಅನ್ನೋಕೆ ನೀವ್ಯಾರು ಭಾವ?" ಆಕೆ ಗದರುತ್ತಾಳೆ, ಕಣ್ಣು ಮಾತ್ರ ಬೇರೆ ಕಡೆ ಇದೆ.

ಕಿವಿಯಣ್ಣ ಆಮೇಲೆ ಗೋಣಿಚೀಲ ತೆಗೆದು ಮಡಚಿ ಪಕ್ಕಕ್ಕಿಡುತ್ತಾರೆ. ಪರದೆಯ ನೀಲಿ ಬೆಳಕು ಎಲ್ಲರಿಗೂ ಕಾಣುತ್ತದೆ.

"ಅದು ಹೇಗೆ ಕೂಗುತ್ತೆ? ಒಂದ್ಸಲ ಮಾಡಿ ತೋರಿಸು."

ನಾದಿನಿ ದೋಣಿಯನ್ನು ಒತ್ತಿ ತಂದು, ಬಗ್ಗಿ, ಅವರ ಕಿವಿಗೆ ಬಾಯಿಟ್ಟು ಗಟ್ಟಿಯಾಗಿ ಕೂಗುತ್ತಾಳೆ: "ಕೀಂ, ಕೀಂ, ಕೀಂ."

ಕಿವಿಯಣ್ಣ ಕೇಳಿಸಿಕೊಳ್ಳುತ್ತಾರೆ. ಈ ಸಲ ತಲೆಯಾಡಿಸುವುದಿಲ್ಲ.

"ಇಷ್ಟೇನಾ? ಹೊಳೆ ಇದಕ್ಕಿಂತ ಚೆನ್ನಾಗಿ ಹೇಳ್ತಿತ್ತು."