ಒದರಿ ಹೊಡೆಯುತ್ತಿದ್ದ ರೀಲು

ಹೋದ ತಿಂಗಳು ಕಾರಟಗಿಯಿಂದ ಬಂದವರೊಬ್ಬರು ಗೋಣಿತಟ್ಟಿನಲ್ಲಿ ಸುತ್ತಿದ ಗಂಟೊಂದನ್ನು ನನ್ನ ಕೊಪ್ಪಳದ ಮನೆಗೆ ಕೊಟ್ಟು ಹೋದರು. ಬಿಚ್ಚುವ ಮೊದಲೇ ವಾಸನೆ ಬಂತು. ತೌಡಿನ ಎಣ್ಣೆ, ಗ್ರೀಸು, ಅದರಡಿಗೆ ಎಷ್ಟು ತಿಕ್ಕಿದರೂ ಹೋಗದ ಮೀನಿನ ನಾತ. ಒಳಗಿದ್ದದ್ದು ಗಾಳದ ಕೋಲಿಗೆ ಕಟ್ಟುವ ಹಳೆಯ ಹಿತ್ತಾಳೆ ರೀಲು. ಅಂಥದ್ದನ್ನು ಮಾಡುವುದನ್ನು ಕಂಪನಿಯವರು ನಿಲ್ಲಿಸಿ ಯಾವ ಕಾಲವಾಯಿತೋ... ಮುಟ್ಟಲು ಧೈರ್ಯವಾಗಲಿಲ್ಲ, ಮತ್ತೆ ಸುತ್ತಿಟ್ಟೆ.

ಅದು ಫಿಟ್ಟರ್ ಚಾಚಾ ಅವರದು. ನಾನು ಕಾರಟಗಿಯ ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದಾಗ ಪಕ್ಕದ ಮನೆಯಲ್ಲಿದ್ದರು. ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಕೆಲಸ. ಮೋಟಾರು ಬಂದ್ ಮಾಡಿದ ಮೇಲೂ ಬೆಲ್ಟಿನ ದೊಡ್ಡ ಗಾಲಿ ತಿರುಗುತ್ತಲೇ ಇರುತ್ತದಲ್ಲ, ಉಳಿದವರು ಅದಕ್ಕೆ ಕಟ್ಟಿಗೆ ತುಂಡು ಒತ್ತಿ ನಿಲ್ಲಿಸುತ್ತಿದ್ದರು. ಚಾಚಾ ಬರಿಯ ಅಂಗೈ ಒತ್ತುತ್ತಿದ್ದರು. ಅವರ ಬಲ ಅಂಗೈ ಸುಟ್ಟು ಸುಟ್ಟು ಚಪ್ಪಲಿಯ ಅಟ್ಟೆಯಂತಾಗಿತ್ತು.

ಕೋಪಿಷ್ಠ ಮನುಷ್ಯ. ಕಲ್ಲು ಕ್ವಾರಿಯ ಸಿಡಿಮದ್ದಿನ ತೋಟಾ ತಂದು ಹೊಳೆಗೆ ಎಸೆದು ಮೀನು ಕೊಲ್ಲುತ್ತಿದ್ದವನೊಬ್ಬನನ್ನು ಒಮ್ಮೆ ಅಂಗಿ ಹಿಡಿದೆಳೆದು, ತೇಲುತ್ತಿದ್ದ ಸತ್ತ ಮರಿಗಳ ನಡುವೆ ಮುಖ ಅದ್ದಿ ಅದ್ದಿ ತೆಗೆದಿದ್ದರು. ಬಿಡಿಸಲು ಹೋದ ನನಗೂ ಮೊಣಕೈಯಿಂದ ಒಂದು ಬಿತ್ತು. ತಾವು ಹಿಡಿದ ಮೀನನ್ನು ಮಾತ್ರ ಒದ್ದಾಡಲು ಬಿಡುತ್ತಿರಲಿಲ್ಲ. ದಂಡೆಗೆ ಬಂದ ಕೂಡಲೇ ಬೋಲ್ಟು ತಿರುವುವ ಗಿರಣಿಯ ಪಾನಾ ಎತ್ತಿ ತಲೆಗೆ ಒಂದೇ ಏಟು.

ಆ ಹಳೇ ರೀಲೂ ಅವರಂಥದ್ದೇ. ಮೀನು ಎಳೆದುಕೊಂಡು ಓಡಿದರೆ ಹಿಡಿಕೆ ಗಿರ್‍ರನೆ ಹಿಂದಕ್ಕೆ ತಿರುಗಿ ಬೆರಳ ಗೆಣ್ಣುಗಳನ್ನು ಜಜ್ಜುತ್ತಿತ್ತು. ಅದಕ್ಕೆ ಬ್ರೇಕು ಎಂದರೆ ಚಕ್ರದ ಅಂಚಿಗೆ ಒತ್ತಿದ ಅಂಗೈ ಮಾತ್ರ. ನನ್ನ ಹತ್ತಿರ ಹೊಸ ನಮೂನೆಯದಿತ್ತು: ಹಗುರ, ತಿರುಪು ತಿರುವಿದರೆ ತಾನೇ ಬ್ರೇಕು ಹಿಡಿಯುವಂಥದ್ದು. ಯಾವುದು ಮೇಲು ಎಂದು ನಾವು ಹನ್ನೆರಡು ವರ್ಷ ವಾದ ಮಾಡಿದೆವು. ಬಿಡಿಭಾಗ ಎಲ್ಲಿಯೂ ಸಿಗುವುದಿಲ್ಲವೆಂದು ನಾನು ಹೇಳಿದರೆ ಅವರು ಗಿರಣಿಯ ಹರಿದ ಬೆಲ್ಟಿನಿಂದ ವಾಷರ್ ಕತ್ತರಿಸಿ ಹಾಕಿ ತೋರಿಸುತ್ತಿದ್ದರು. ಗೆಣ್ಣು ಒಡೆದು ರಕ್ತ ಬಂದ ದಿನವೂ ನಕ್ಕು ಹೇಳಿದ್ದರು, "ಇದು ನನ್ನ ಹೊಡಿತೈತಿ, ಖರೆ ಐತಿ ಮಾಸ್ತರ. ಆದ್ರ ಒದರಿ ಹೊಡಿತೈತಿ." ದಾರ ಓಡಿದಾಗ ಅದರ ಹಲ್ಲುಗಳು ಕರಕರ ಎಂದು ಅರಚುತ್ತಿದ್ದುದು ಆಚೆ ದಂಡೆಗೂ ಕೇಳುತ್ತಿತ್ತು.

ಒಂದು ಸಲ ಹಿಡಿಕೆ ಬಡಿದು ಗೆಣ್ಣು ಬಾತು, ಅವರಿಗೆ ವಾರವಿಡೀ ಪಾನಾ ಹಿಡಿಯಲಾಗಲಿಲ್ಲ. ನನಗೆ ಅಷ್ಟೇ ಸಾಕಾಯಿತು. ಗಂಗಾವತಿಗೆ ಹೋಗಿ ನನ್ನಂಥದ್ದೇ ಹೊಸ ರೀಲು, ಕೂದಲಷ್ಟು ತೆಳ್ಳಗಿನ ಹೆಣೆದ ದಾರ ತಂದು, ಅವರ ಕೋಲಿಗೆ ನಾನೇ ಕಟ್ಟಿಬಿಟ್ಟೆ. ಹಳೆಯದರಿಂದ ಒಂದು ದಿನ ಕೈ ಕಳೆದುಕೊಳ್ಳುತ್ತೀರಿ ಎಂದೂ ಹೇಳಿದೆ. ಓಣಿಯವರೆಲ್ಲ ಕೇಳಲಿ ಎಂದು ಜೋರಾಗಿಯೇ ಹೇಳಿದೆ. ಮಾಸ್ತರ ಕೊಟ್ಟದ್ದನ್ನು ಒಲ್ಲೆ ಎನ್ನುವುದು ಅವರ ಮುರವತ್ತಿಗೆ, ಆ ದಾಕ್ಷಿಣ್ಯಕ್ಕೆ, ಒಗ್ಗಲಿಲ್ಲ. ಹಳೆಯದನ್ನು ಒರೆಸಿ, ಎಣ್ಣೆ ಹಚ್ಚಿ ಗೂಡಿನಲ್ಲಿಟ್ಟರು.

ಅದಾದ ಮೂರನೆಯ ಭಾನುವಾರ ಹೊಳೆಯಲ್ಲಿ ಚಾಚಾ ಅವರ ಗಾಳಕ್ಕೆ ಬಾಳೆಮೀನು ಬಿತ್ತು. ಎಂಥದ್ದೆಂದರೆ ಒಮ್ಮೆ ಮಗ್ಗುಲಾದಾಗ ನೀರಿನಲ್ಲಿ ಆಳುದ್ದದ ಬೆಳ್ಳಿ ಹೊಳೆಯಿತು. ದಾರ ಸದ್ದಿಲ್ಲದೆ ಓಡುತ್ತಿತ್ತು. ಸದ್ದಿಲ್ಲದ್ದಕ್ಕೇ ಚಾಚಾ ಗಾಬರಿಯಾದರೋ ಏನೋ... ಅವರ ಬಲಗೈ ಜೀವಮಾನದ ಚಾಳಿಯಂತೆ ಚಕ್ರದ ಅಂಚನ್ನು ಒತ್ತಲು ಹೋಯಿತು. ಹೊಸ ರೀಲಿಗೆ ಅಂಥ ಅಂಚೇ ಇಲ್ಲ. ಕೈಗೆ ಸಿಕ್ಕಿದ್ದು ಓಡುವ ದಾರ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಎರಡು ಬೆರಳಿಗೆ ಸುತ್ತಿಕೊಂಡು ಬಿಗಿಯಿತು.

ಚಾಕು ನನ್ನ ಸೊಂಟದಲ್ಲಿತ್ತು. ಒಂದು ಹೆಜ್ಜೆ ಮುಂದೆ ಬಂದು ದಾರ ಕೊಯ್ದಿದ್ದರೆ ಮುಗಿಯುತ್ತಿತ್ತು. ನಾನು ಮೀನಿನತ್ತ ನೋಡುತ್ತಿದ್ದೆ. "ಬಿಡಬ್ಯಾಡ್ರಿ ಚಾಚಾ, ಬಿಡಬ್ಯಾಡ್ರಿ" ಎಂದು ಒದರಿದೆ. ಅವರು ಬಿಡಲಿಲ್ಲ. ಅಷ್ಟಕ್ಕೂ ಬಿಡಲು ಬರುವಂತೆಯೂ ಇರಲಿಲ್ಲ. ಮೀನು ಇನ್ನೊಮ್ಮೆ ಜಗ್ಗಿತು. ದಾರ ಚರ್ಮ ಸೀಳಿ ಎಲುಬಿಗಿಳಿದು, ಎರಡನೆಯ ಗೆಣ್ಣಿನ ಸಂದಿನಲ್ಲಿ ಬೆರಳುಗಳನ್ನು ಕತ್ತರಿಸಿ ಹಾಕಿತು. ತೋರುಬೆರಳು ಕೆಸರಿಗೆ ಬಿತ್ತು. ನಡುಬೆರಳು ತೊಗಲಿನೆಳೆಗೆ ಜೋತಾಡುತ್ತಿತ್ತು. ರಕ್ತ ನನ್ನ ಮುಖಕ್ಕೂ ಸಿಡಿಯಿತು, ತುಟಿಗೆ ಉಪ್ಪು ಹತ್ತಿತು.

ನನ್ನ ಅಂಗಿ ಹರಿದು ಚಾಚಾ ಅವರ ಕೈಗೆ ಸುತ್ತಿ, ಬೈಕಿನ ಹಿಂದೆ ಕೂರಿಸಿಕೊಂಡು ಗಂಗಾವತಿಗೆ ಹೊರಟೆ. ಕೋಲು, ರೀಲು ಎಲ್ಲ ದಂಡೆಯಲ್ಲೇ ಬಿದ್ದಿದ್ದವು. ಆಮೇಲೆ ಯಾರೋ ಅವರ ಮನೆಗೆ ಮುಟ್ಟಿಸಿದರಂತೆ. ಅರ್ಧ ದಾರಿಯಲ್ಲಿ ಚಾಚಾ ನನ್ನ ಬೆನ್ನಿಗೆ ತಲೆಯಾನಿಸಿ ಹೇಳಿದರು, "ಹಳೇ ರೀಲು ಕೊಯ್ತು ಅಂತ ಹೇಳೂನು ಮಾಸ್ತರ. ನಿಮ್ಮ ಹೆಸರು ಬರೂದು ಬ್ಯಾಡ."

ಹಾಗೇ ಹೇಳಿದೆವು. ಮಾಸ್ತರ ಮೊದಲೇ ಎಚ್ಚರಿಸಿದ್ದರು, ಈತ ಕೇಳಲಿಲ್ಲ ಎಂದು ಓಣಿಯ ಜನ ಆಡಿಕೊಂಡರು. ಚಾಚಾ ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನೂ ಕೇಳಿಸಿಕೊಂಡೆ, ಬಾಯಿ ಬಿಡಲಿಲ್ಲ. ಬೋಲ್ಟು ಹಿಡಿಯಲಾಗದ ಫಿಟ್ಟರನಿಗೆ ಗಿರಣಿಯವರು ಬಾಗಿಲ ಬಳಿ ಚೀಲ ಎಣಿಸುವ ಕೆಲಸ ಕೊಟ್ಟರು. ಒಳಗೆ ಗಾಲಿ ನಿಲ್ಲುವ ಹೊತ್ತಿಗೆ ಅವರ ಅಂಗೈ ಕುಳಿತಲ್ಲೇ ತೊಡೆಯನ್ನು ಒತ್ತುತ್ತಿತ್ತು. ನಾನು ಕೊಪ್ಪಳಕ್ಕೆ ವರ್ಗ ಮಾಡಿಸಿಕೊಂಡೆ. ಅವರು ತೀರಿಕೊಂಡಾಗ ಮಣ್ಣಿಗೆ ಹೋಗಿ, ಜನರ ನಡುವೆ ನಿಂತು ಬಂದೆ, ಅಷ್ಟೇ.

ಗಂಟು ಬಂದ ಎಂಟನೆಯ ದಿನ ಕಾರಟಗಿಗೆ ಹೋದೆ. ಚಾಚಾ ಅವರ ಹೆಂಡತಿ, ಚಾಚಿ, ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. ಬೆರಳು ಕೊಯ್ದದ್ದು ನಾನು ಕೊಟ್ಟ ಹೊಸ ರೀಲಿನ ದಾರ, ಬಿಡಬೇಡಿ ಎಂದು ಒದರಿದವನೂ ನಾನೇ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು ಮೊರದಿಂದ ಕಣ್ಣೆತ್ತಲಿಲ್ಲ.

"ಗೊತ್ತೈತ್ರಿ. ರಕ್ತ ಹತ್ತಿದ್ದು ಹೊಸಾದಕ್ಕ. ತೊಳದಾಕಿ ನಾನು."

ಚಾಚಾ ಹೇಳಿದ್ದರೇ ಎಂದು ಕೇಳಿದೆ.

"ಇಲ್ಲ. ಸಾಯೂತನಾ ಹಳೇದನ್ನ ಬೈಕೋತ ಹೋದ್ರು. ನಿಮ್ಮ ಸಲುವಾಗಿ." ಒಂದು ಕಲ್ಲು ಆರಿಸಿ ಒಗೆದರು. "ಮಾಫ್ ಮಾಡೀನಿ ಅಂತ ರೀಲು ಕಳಿಸಿಲ್ಲ ಮಾಸ್ತರ. ಬರ್ತೀರೇನು ನೋಡೂನು ಅಂತ ಕಳಿಸ್ದೆ."

ಚಹಾ ಕುಡಿಯುತ್ತೀರಾ ಎಂದು ಅವರು ಕೇಳಲಿಲ್ಲ, ನಾನೂ ಕೂರಲಿಲ್ಲ. ಬಸ್ ನಿಲ್ದಾಣದವರೆಗೆ ನಡೆಯುತ್ತ ಆ ವಾದವೆಲ್ಲ ನೆನಪಾಯಿತು... ಹನ್ನೆರಡು ವರ್ಷದಲ್ಲಿ ಚಾಚಾ ನನಗೆ ಸೋತದ್ದು ಒಂದೇ ಸಲ, ಅದೂ ಮುರವತ್ತಿಗೆ.