ಜಾಲಿಕಟ್ಟಿಗೆಯ ಬೂದಿ

ತಪ್ಪು ನಡೆದದ್ದು ಬೆಳಿಗ್ಗೆ ಹತ್ತೂಕಾಲಿಗೆ. ಅತ್ತಿಗೆ ಚೀರಿದ್ದು ಮಧ್ಯಾಹ್ನ ಮೂರಕ್ಕೆ. ನಡುವಿನ ಆ ಹೊತ್ತನ್ನು ನಾನು ಇಂದಿಗೂ ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡುತ್ತಿರುತ್ತೇನೆ. ಯಾವಾಗಲಾದರೂ ಎದ್ದು ಹಿತ್ತಲಿಗೆ ಹೋಗಿ ಒಂದು ಕೊಡ ನೀರು ಸುರಿದಿದ್ದರೆ ಸಾಕಿತ್ತು.

ನಲವತ್ತರ ದಶಕದ ಒಂದು ಬೇಸಿಗೆ. ಹೈದರಾಬಾದಿನ ಕಾಲೇಜಿನಿಂದ ರಜೆಗೆಂದು ಮಾನ್ವಿಯ ಮನೆಗೆ ಬಂದಿದ್ದೆ. ಜೊತೆಗೆ ಸರಕಾರದ ಒಂದು ಉರ್ದು ಕರಪತ್ರ ತಂದಿದ್ದೆ. ಗೊಬ್ಬರದ ಗುಂಡಿಗೆ ಆರಿದ ಬೂದಿಯನ್ನು ತೆಳ್ಳಗೆ ಹರಡಬೇಕು, ಹಸಿ ಸಗಣಿಗೆ ಬೆರೆಸಬಾರದು, ಬೆರೆಸಿದರೆ ಸತ್ವ ಹಾರಿಹೋಗುತ್ತದೆ ಎಂದು ಅದರಲ್ಲಿತ್ತು. ಹಿತ್ತಲಿನ ಬದನೆ ಗಿಡಗಳಿಗಾಗಿ ನಾನೇ ಗುಂಡಿ ತೋಡಿ ಕಸಕಡ್ಡಿ ತುಂಬಿದ್ದೆ.

ನಮ್ಮಲ್ಲಿ ದಿನದ ಅಡುಗೆ ಹತ್ತಿಕಟ್ಟಿಗೆಯಲ್ಲಿ. ಅದರ ಬೂದಿ ಬೇಗ ಆರುತ್ತದೆ. ಹೋಳಿಗೆ ಮಾಡಿದ ದಿನ ಮಾತ್ರ ಜಾಲಿಯ ಬೊಡ್ಡೆ ಉರಿಯುತ್ತಿತ್ತು. ಆ ಬೂದಿಯನ್ನು ಅವ್ವ ಹಳೆಯ ಗಡಿಗೆಗೆ ತುಂಬಿ, ನೀರು ಚಿಮುಕಿಸಿ, ಎರಡು ದಿನ ಬಿಟ್ಟು, ಕೈಯಿಟ್ಟು ನೋಡಿಯೇ ಹೊರಗೆ ಹಾಕುತ್ತಿದ್ದಳು.

ಹೋಳಿಗೆಯ ಮರುದಿನ ನಾನು ಒಲೆಯ ಮುಂದೆ ಬುಟ್ಟಿ ಹಿಡಿದು ಕೂತೆ.

"ಅದು ಜಾಲೀದು. ಇವತ್ತ ಮುಟ್ಟಬ್ಯಾಡ," ಎಂದಳು ಅವ್ವ.

"ನಿನ್ನಿನ ಒಲಿ ಯವ್ವಾ, ಆರಿಹೋಗ್ಯಾದ. ನೋಡು, ಹಿಟ್ಟಿನಂಗ ಬೆಳ್ಳಗದ."

ಅತ್ತಿಗೆ ನಕ್ಕಳು. "ಕಾಲೇಜಿನ್ಯಾಗ ಬೂದಿ ಬಳಿಯೋದೂ ಕಲಿಸ್ತಾರೇನೋ ತಮ್ಮಾ? ಹಂಗಾರ ನಾಳಿಂದ ಭಾಂಡಿನೂ ನೀನೇ ತಿಕ್ಕು."

ಆ ನಗುವಿಗೆ ನಾಚಿ, ಬೂದಿ ತುಂಬಿಕೊಂಡು ಹೊರಟೇಬಿಟ್ಟೆ. ತೆಳ್ಳಗೆ ಹರಡಲೂ ಇಲ್ಲ. ಗುಂಡಿಯ ಅಂಚಿನಲ್ಲಿ ಒಂದೇ ಕಡೆ ಸುರಿದು, ಗಾಳಿಗೆ ಹಾರದಿರಲೆಂದು ಮೇಲೆ ಒಣ ಎಲೆ ಮುಚ್ಚಿದೆ. ಆರಿದ ಬೂದಿ ಎಂದು ಕರಪತ್ರದಲ್ಲಿ ಬರೆದದ್ದನ್ನು ನಾನು ಓದಿದ್ದೆ. ಆರಿದೆಯೋ ಇಲ್ಲವೋ ಎಂಬುದನ್ನು ಕಣ್ಣಿನಿಂದಷ್ಟೇ ನೋಡಿದ್ದೆ.

ಮಧ್ಯಾಹ್ನ ಕಸ ಚೆಲ್ಲಲು ಹೋದ ಅತ್ತಿಗೆಗೆ ಎಲೆಗಳಿಂದ ಹೊಗೆ ಕಂಡಿದೆ. ಪಕ್ಕದಲ್ಲೇ ಜೋಳದ ದಂಟಿನ ಬೇಲಿ. ಅದಕ್ಕೆ ಹತ್ತೀತೆಂದು ಎಲೆಗಳನ್ನು ಎಳೆಯಲು ಬಗ್ಗಿದಾಗ ಅಂಚು ಕುಸಿದು, ಅವಳ ಬರಿಗಾಲು ಕಣಕಾಲಿನವರೆಗೆ ಬೂದಿಯೊಳಗೆ ಇಳಿಯಿತು. ಒಳಗಿನ ಕೆಂಡ ಇನ್ನೂ ಜೀವಂತವಾಗಿತ್ತು. ನಾನು ಓಡಿಹೋಗಿ ನೀರು ಸುರಿದೆ. ನೀರಿನೊಂದಿಗೆ ಪಾದದ ಚರ್ಮವೂ ಸುಲಿದು ಬಂತು.

ಅಣ್ಣ ಅವಳನ್ನು ಮೋಟಾರಿನಲ್ಲಿ ರಾಯಚೂರಿನ ದವಾಖಾನೆಗೆ ಕರೆದೊಯ್ದ. ಕೀವಾಗದಿದ್ದರೆ ನಡೆದಾಳು, ಆದರೆ ಹೇಳಲಾಗದು ಎಂದು ಡಾಕ್ಟರು ಪಟ್ಟಿ ಕಟ್ಟಿ ಕಳಿಸಿದರು. ಮನೆಗೆ ಬಂದ ಮೇಲೆ ರಾತ್ರಿಯಿಡೀ ಅವಳ ನರಳಾಟಕ್ಕೆ ಯಾರೂ ಕಣ್ಣು ಮುಚ್ಚಲಿಲ್ಲ.

ಮೂರನೆಯ ದಿನ ದೇವದುರ್ಗದಿಂದ ಅವಳ ತಾಯಿ ಬಂದರು. ಮಗಳ ಕಾಲು ನೋಡಿ ನಮ್ಮವ್ವನ ಕಡೆ ತಿರುಗಿದರು.

"ಬೀಗತೀ, ನಿಮ್ಮ ಮನ್ಯಾಗ ಬೂದಿ ಆರಸಿ ಚೆಲ್ಲೋದೂ ಗೊತ್ತಿಲ್ಲೇನು?"

ಅವ್ವ ತಲೆ ತಗ್ಗಿಸಿದಳು. "ಗಾಳಿಗಿ ಎಲ್ಲಿಂದೋ ಕಿಡಿ ಹಾರಿರಬೇಕು, ಬಿಡಬೇ," ಎಂದಳು ಅತ್ತಿಗೆ, ನನ್ನ ಕಡೆ ನೋಡದೆ. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಎಂಟು ದಿನ ಹಾಗೆಯೇ ಇದ್ದೆ. ಒಂಬತ್ತನೆಯ ದಿನ ಅತ್ತಿಗೆಯ ಪಟ್ಟಿ ಬದಲಾಯಿಸುತ್ತಿದ್ದ ಅವಳ ತಾಯಿಯ ಮುಂದೆ ಕೂತು, "ಬೂದಿ ಹಾಕಿದಾಂವ ನಾನರೀ. ಅವ್ವ ಬ್ಯಾಡ ಅಂದಿದ್ಲು," ಎಂದೆ.

"ನಿನ್ನ ಮಾರಿ ನೋಡಿದಾಗ್ಲೇ ತಿಳದಿತ್ತಪ್ಪಾ," ಎಂದರು ಅವರು. "ನಾ ಅಂದ ಮಾತು ನಿಮ್ಮವ್ವ ನುಂಗಿದ್ಲು. ನೀ ನುಂಗಾಕ ಬಿಟ್ಟಿ."

ಆಮೇಲೆ ಅವರೇ ಎದ್ದು ಅವ್ವನ ಬಳಿಗೆ ಹೋದರು. ಒಳಗೆ ಏನು ಮಾತಾಯಿತೋ ನಾನು ಕೇಳಲಿಲ್ಲ.

ಗಾಯ ಕೀವಾಗದೆ ಒಣಗತೊಡಗಿತು. ಮುಂದಿನ ಗುರುವಾರ ನನಗೆ ಎಚ್ಚರವಾದಾಗ ಬಿಸಿಲು ಪಡಸಾಲೆಯೊಳಗೆ ಬಂದಿತ್ತು. ಅತ್ತಿಗೆ, ಅವಳ ಪಕ್ಕದಲ್ಲಿ ಅವಳ ತಾಯಿ, ಆಚೆ ಅವ್ವ, ಮೂವರೂ ಇನ್ನೂ ಮಲಗಿದ್ದರು. ರಾತ್ರಿ ಅತ್ತಿಗೆ ನರಳಿರಲಿಲ್ಲ, ಯಾರೂ ಎದ್ದಿರಲಿಲ್ಲ.