ಗಂಗಮ್ಮನ ಬಾಗಿನ ತಿಂದ ದಿನ

ನಾನು ಮದುವೆಯಾಗಿ ಗೌರಿಬಿದನೂರಿನ ಆಚೆಗಿರುವ ಈ ಊರಿಗೆ ಬಂದಾಗ ಇಲ್ಲಿನ ಹೊಳೆಯಲ್ಲಿ ನೀರೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. ಹುಡುಗರ ಕ್ರಿಕೆಟ್ ಪಿಚ್ಚಿತ್ತು, ಯಾರೋ ಒತ್ತುವರಿ ಮಾಡಿ ಹಾಕಿದ ಟೊಮೇಟೊ ಇತ್ತು, ಯಾವುದೋ ಮನೆಯ ಒಡೆದ ಕಮೋಡಿತ್ತು. ಬೆಳಗಿನ ಹೊತ್ತು ಚೊಂಬು ಹಿಡಿದು ಹೋದವರ ಗುರುತುಗಳಂತೂ ಧಾರಾಳವಾಗಿದ್ದವು. ನನ್ನ ತವರು ಶಿಡ್ಲಘಟ್ಟದ ಮೇಲೂರು. ನಮಗೆ ರೇಷ್ಮೆಹುಳು ಗೊತ್ತಿತ್ತು, ಬತ್ತಿದ ಬೋರ್‌ವೆಲ್ ಗೊತ್ತಿತ್ತು, ಹೊಳೆ ಗೊತ್ತಿರಲಿಲ್ಲ. ಆದರೂ ಹೈಸ್ಕೂಲಿನಲ್ಲಿ ಭೂಗೋಳದ ಟೀಚರಾದ ಮೇಲೆ ಉತ್ತರ ಪಿನಾಕಿನಿ ನಂದಿ ಬೆಟ್ಟದ ಕಡೆಯಿಂದ ಹರಿದು ಬರುತ್ತದೆ ಅಂತ ನೀಲಿ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಎಳೆದೇ ಎಳೆದೆ. ಒಂದು ದಿನ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಮಿಸ್, ನೀಲಿ ಯಾಕೆ? ಅದು ಮಣ್ಣಿನ ಬಣ್ಣ ಅಲ್ವಾ?" ಅಂದಳು. ಕೂತ್ಕೊ ಅಂದೆ. ನೀಲಿಯಲ್ಲೇ ಮುಂದಕ್ಕೆ ಎಳೆದೆ.

ಊರಿನ ಕೆಳಗೆ ಹೊಳೆ ಎರಡು ಕವಲಾಗಿ, ಒಂದು ಮೈಲಿ ಹಾಗೇ ಹೋಗಿ, ಮತ್ತೆ ಒಂದಾಗುತ್ತದೆ. ಕವಲುಗಳ ನಡುವೆ ಉಳಿದ ಕಾಡಿಗೆ ಏಟಿ ತೋಪು ಅಂತ ಹೆಸರು. ಏರು ಅಂದರೆ ತೆಲುಗಿನಲ್ಲಿ ಹೊಳೆ, ಏಟಿ ಅಂದರೆ ಹೊಳೆಯ. ನಮ್ಮ ಕಡೆ ಮಾತಾಡೋದು ಕನ್ನಡದಲ್ಲಾದರೂ ಜಾಗದ ಹೆಸರು, ಬೈಗುಳ ಎರಡಕ್ಕೂ ತೆಲುಗೇ ಬೇಕು. ತೋಪಿನಲ್ಲಿ ಹೊಂಗೆ, ಈಚಲು, ಲಕ್ಕಿ ಪೊದೆ, ಮಧ್ಯದ ದಿಬ್ಬದ ಮೇಲೆ ಒಂದು ದೊಡ್ಡ ಮತ್ತಿಮರ. ಪಹಣಿಯಲ್ಲಿ ಅದು ಸರ್ಕಾರಿ ಖರಾಬು. ನಮ್ಮತ್ತೆಯ ಮನಸ್ಸಿನಲ್ಲಿ ಮಾತ್ರ ಅದು ಅವರ ಹಿತ್ತಲು. ಈಚಲು ಗರಿ ತಂದು ಪೊರಕೆ ಕಟ್ಟುವುದು, ಸೌದೆ ಆರಿಸುವುದು, ಮನೆಯಲ್ಲಿ ಮಗನ ಜೊತೆ ಜಗಳವಾದರೆ ಹೋಗಿ ಕೂರುವುದು, ಎಲ್ಲ ಅಲ್ಲೇ. ಮಾವ ತೀರಿಹೋಗಿ ಬಹಳ ವರ್ಷವಾಗಿತ್ತು. ಅವರು ಬದುಕಿದ್ದಾಗಲೂ ಅತ್ತೆ ತೋಪಿಗೇ ಹೆಚ್ಚು ಹೋಗುತ್ತಿದ್ದರಂತೆ.

ಆಮೇಲೆ ಮಳೆಯ ವರ್ಷಗಳು ಬಂದವು. ಮೊದಲ ಸಲ ಹೊಳೆ ಬಂದಾಗ ಊರಿನ ಅರ್ಧ ಜನ ಕೈಮುಗಿದು ನಿಂತರು, ಇನ್ನರ್ಧ ಜನ ಟೊಮೇಟೊ ಕೊಚ್ಚಿಹೋಗುವುದನ್ನು ಮೊಬೈಲಿನಲ್ಲಿ ಹಿಡಿದರು. ಮುಂದೆ ಕಾರ್ತಿಕದ ಆಸುಪಾಸಿನಲ್ಲಿ ಹೊಳೆ ಬರುವುದು, ತೋಪನ್ನು ತನಗೆ ಬೇಕಾದ ಹಾಗೆ ಬದಲಾಯಿಸುವುದು ಅಭ್ಯಾಸವಾಯಿತು. ಒಂದು ವರ್ಷ ಈಚಲು ಗಿಡಗಳನ್ನೆಲ್ಲ ಮಲಗಿಸಿ ಆ ಜಾಗದಲ್ಲಿ ಮಡು ಮಾಡಿತು. ಇನ್ನೊಂದು ವರ್ಷ ಆಳುದ್ದ ಜೊಂಡು ಬೆಳೆಸಿತು. ಎಲ್ಲಿಂದಲೋ ಕೊಕ್ಕರೆ ಬಂದವು, ನೀರುಕೋಳಿ ಬಂದವು, ಹೊಂಗೆಯ ಕೊಂಬೆಗಳಿಗೆ ಗೀಜಗಗಳು ಗೂಡು ನೇತುಹಾಕಿದವು. ಅತ್ತೆ ಮೊದಮೊದಲು ಪೊರಕೆ ಕಡ್ಡಿ ಹಾಳಾಯಿತು ಅಂತ ಹೊಳೆಗೆ ಹಿಡಿಶಾಪ ಹಾಕಿದರು. ಆಮೇಲೆ ಮಡುವಿನ ಅಂಚಿಗೆ ಹೊನಗೊನೆ ಸೊಪ್ಪು ಹಬ್ಬಿದ್ದು ಕಂಡಿತು, ಏಡಿ ಸಿಕ್ಕವು. ಶಾಪ ನಿಂತಿತು.

ಬಾಗಿನದ ಯೋಚನೆ ಬಂದದ್ದು ನಮ್ಮೂರಿನ ಮಾಜಿ ಮೆಂಬರಿಗೆ. ಪಂಚಾಯ್ತಿಯಲ್ಲಿ ಒಂದು ಸಲ ಗೆದ್ದಿದ್ದರು, ಎರಡು ಸಲ ಸೋತಿದ್ದರು, ಬಿಳಿ ಪಂಚೆಯನ್ನು ಮಾತ್ರ ಬಿಟ್ಟಿರಲಿಲ್ಲ. ಕೆರೆ ತುಂಬಿದರೆ ದೊಡ್ಡವರು ಬಾಗಿನ ಬಿಡುತ್ತಾರೆ, ಪೇಪರಿನಲ್ಲಿ ಫೋಟೋ ಬರುತ್ತದೆ. ಹೊಳೆಗೆ ತಾವು ಯಾಕೆ ಬಿಡಬಾರದು ಅನ್ನಿಸಿತಂತೆ. ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದರು. ಜೊತೆಗೆ ಅಲೀಪುರದಿಂದ ಕರೆಸಿದ ಫೋಟೋಗ್ರಾಫರ್ ಇದ್ದರು, ಕೊರಳಲ್ಲಿ ಕ್ಯಾಮೆರಾ, ಕಾಲಲ್ಲಿ ಪಾಲಿಶ್ ಮಾಡಿದ ಶೂಸು.

"ಟೀಚರಮ್ಮ, ನಮ್ಮನೆಯವಳು ಮಂಡಿ ನೋವು ಅಂತ ಬರ್ತಾ ಇಲ್ಲ. ಬಾಗಿನಕ್ಕೆ ಮುತ್ತೈದೆ ಕೈ ಬೇಕು. ನೀವು ಬಂದು ಮೊರ ಹಿಡ್ಕೊಂಡ್ರೆ ಸಾಕು, ಹತ್ತು ನಿಮಿಷ" ಅಂದರು.

"ಎಲ್ಲಿ ಬಿಡ್ತೀಯಪ್ಪ?" ಒಳಗಿಂದ ಅತ್ತೆ ಕೇಳಿದರು.

"ತೋಪಲ್ಲಿ ದೊಡ್ಡಮ್ಮ. ದಿಬ್ಬದ ಪಕ್ಕದ ಮಡು ಹತ್ರ. ಫೋಟೋಗೆ ಹಿಂದೆ ಕೊಕ್ಕರೆ ಬರ್ತವೆ."

"ದಾರಿ ಗೊತ್ತಾ?"

ಮೆಂಬರು ಫೋಟೋಗ್ರಾಫರ್ ಮುಖ ನೋಡಿದರು. ಅತ್ತೆ ಚಪ್ಪಲಿ ಮೆಟ್ಟಿದರು.

ಮೆಂಬರಿಗೆ ಸಂಕಟವಾಯಿತು. ಶುಭಕಾರ್ಯಕ್ಕೆ ಗಂಡ ಇಲ್ಲದವರು ಬರಬಾರದು ಅಂತ ಬಾಯಿಬಿಟ್ಟು ಹೇಳಲೂ ಆಗದೆ, ಬಿಡಲೂ ಆಗದೆ, "ದೊಡ್ಡಮ್ಮ, ಶಾಸ್ತ್ರ ಅಂತ ಒಂದಿರುತ್ತೆ..." ಅಂತ ಶುರುಮಾಡಿದರು.

"ನಾನು ದಾರಿ ತೋರಿಸ್ತೀನಿ, ಮೊರ ಮುಟ್ಟಲ್ಲ" ಅಂದರು ಅತ್ತೆ. "ಅಲ್ಲಪ್ಪ, ಗಂಗಮ್ಮಂಗೆ ಮದುವೆ ಆಗಿದ್ದು ಯಾರು ನೋಡಿದಾರೆ? ಒಂದಿನ ಅವನ ತಲೆ ಮೇಲೆ, ಒಂದಿನ ನಮ್ಮ ತೋಪಲ್ಲಿ. ಅವಳನ್ನ ಯಾರೂ ಶಾಸ್ತ್ರ ಕೇಳಲ್ಲ."

ಫೋಟೋಗ್ರಾಫರ್ ತಲೆ ತಗ್ಗಿಸಿ ಲೆನ್ಸ್ ಒರೆಸಿಕೊಂಡರು. ನಗುತ್ತಿದ್ದರು ಅಂತ ನನ್ನ ಅನುಮಾನ.

ಊರ ಕಡೆಯ ಕವಲನ್ನು ದಾಟುವಾಗ ನೀರು ಹಿಮ್ಮಡಿಯವರೆಗೆ ಬಂತು ಅಷ್ಟೇ. ಜೊಂಡಿನ ನಡುವೆ ಅತ್ತೆಯ ಕಾಲುದಾರಿ ಹಾವಿನ ಹಾಗೆ ಸುತ್ತಿ ದಿಬ್ಬಕ್ಕೆ ಹೋಯಿತು. ಬಿಸಿಲು ಚೆನ್ನಾಗಿತ್ತು. ಮೆಂಬರು ಮೊರಗಳನ್ನು ಇಳಿಸಿ ಜೋಡಿಸಿದರು: ಹಸಿರು ಸೀರೆ, ರವಿಕೆ ಕಣ, ಬಳೆ, ಬಾಚಣಿಗೆ, ಕನ್ನಡಿ, ಅರಿಶಿನ ಕುಂಕುಮ, ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು. ಆಮೇಲೆ ಫೋಟೋ ಶುರುವಾಯಿತು. ಮೆಂಬರು ಎಡಕ್ಕೆ ನಿಂತರು, ಬಲಕ್ಕೆ ನಿಂತರು, ಕೈಮುಗಿದರು, ಆಕಾಶ ನೋಡಿದರು. ಮೊರ ಹಿಡಿದು ಹಿಡಿದು ನನ್ನ ಕೈ ಸೋತಿತು. ಕೊಕ್ಕರೆಗಳು ಮಾತ್ರ ಫ್ರೇಮಿಗೆ ಬರಲೊಲ್ಲವು.

"ಹೊರಡಣ" ಅಂದರು ಅತ್ತೆ ಇದ್ದಕ್ಕಿದ್ದಂತೆ.

ಅವರು ನೀರನ್ನೇ ನೋಡುತ್ತಿದ್ದರು. ತಿಳಿಯಾಗಿದ್ದ ಮಡು ಕೆಂಪಾಗುತ್ತಿತ್ತು. ಅಂಚಿಗೆ ನೊರೆ, ಕಸಕಡ್ಡಿ ಬಂದು ಸೇರುತ್ತಿತ್ತು. ಅವರ ಕಾಲ ಪಕ್ಕದಲ್ಲಿ ಇರುವೆಗಳು ಬಿಳಿ ಮೊಟ್ಟೆ ಹೊತ್ತುಕೊಂಡು ದಿಬ್ಬ ಹತ್ತುತ್ತಿದ್ದವು.

"ಮೋಡಾನೇ ಇಲ್ವಲ್ಲ ದೊಡ್ಡಮ್ಮ" ಅಂದರು ಮೆಂಬರು.

"ಇಲ್ಲಿ ಇಲ್ಲ. ಮೇಲೆ ರಾತ್ರಿ ಹುಯ್ದಿದೆ. ಅದು ನಡ್ಕೊಂಡು ಬರಕ್ಕೆ ಇಷ್ಟು ಹೊತ್ತಾಯ್ತು."

"ಇನ್ನೆರಡು ಫೋಟೋ."

ಆ ಎರಡು ಫೋಟೋ ಮುಗಿಸಿ, ಬಾಗಿನ ಬಿಡಲೂ ಪುರುಸೊತ್ತಿಲ್ಲದೆ ಮೊರ ಅಲ್ಲೇ ಇಟ್ಟು, ನಾವು ಕವಲಿಗೆ ವಾಪಸು ಬಂದಾಗ ಅಲ್ಲಿ ಬೇರೆಯೇ ಹೊಳೆ ಇತ್ತು. ದಂಡೆಯ ಲಕ್ಕಿ ಗಿಡಗಳು ಅರ್ಧ ಮುಳುಗಿ ನಡುಗುತ್ತಿದ್ದವು. ಇಷ್ಟು ವರ್ಷ ಪ್ರವಾಹದ ಪಾಠ ಮಾಡಿದವಳು ನಾನು. ಹಿಮ್ಮಡಿ ಸೊಂಟವಾಗಲು ಅರ್ಧ ಗಂಟೆ ಸಾಕು ಅಂತ ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಮೆಂಬರು ನಾಯಕರಾದವರು ಮುಂದೆ ಹೋಗಬೇಕು ಅನ್ನುವ ಹಾಗೆ ಪಂಚೆ ಎತ್ತಿ ಕಟ್ಟಿ ಇಳಿದೇಬಿಟ್ಟರು. ನಾಲ್ಕು ಹೆಜ್ಜೆ ಹೋದರು. ಐದನೆಯದಕ್ಕೆ ಕಾಲ ಕೆಳಗಿನ ಮರಳು ಜಾರಿತು. ಫೋಟೋಗ್ರಾಫರ್ ಕ್ಯಾಮೆರಾ ನನ್ನ ಕೈಗೆ ತುರುಕಿ, ಶೂಸು ಸಮೇತ ನೀರಿಗೆ ನುಗ್ಗಿ ಅವರ ರಟ್ಟೆ ಹಿಡಿದರು. ಅತ್ತೆ ಫೋಟೋಗ್ರಾಫರ್ ಬೆಲ್ಟು ಹಿಡಿದರು. ನಾನು ಅತ್ತೆಯ ಸೆರಗು ಹಿಡಿದೆ. ಮೆಂಬರು ದಂಡೆಗೆ ಬಂದರು. ಪಂಚೆ ಬರಲಿಲ್ಲ. ಅದು ಬೆಳ್ಳಗೆ ಅಗಲವಾಗಿ ಹರಡಿಕೊಂಡು, ಯಾರ ಹಂಗೂ ಇಲ್ಲದೆ, ಹಿಂದೂಪುರದ ದಿಕ್ಕಿಗೆ ಹೊರಟಿತು.

ಪಟ್ಟಾಪಟ್ಟಿ ಚಡ್ಡಿಯಲ್ಲಿ ನಿಂತ ಮೆಂಬರ ಮೊಣಕಾಲು ಕಲ್ಲಿಗೆ ಉಜ್ಜಿ ರಕ್ತ ಬರುತ್ತಿತ್ತು. ಯಾರೂ ನಗಲಿಲ್ಲ. ನನಗೆ ಆಗ ನಗು ಬರಲೂ ಇಲ್ಲ.

ದಿಬ್ಬಕ್ಕೆ ವಾಪಸಾದೆವು. ಬೇರೆಯವರೂ ಬಂದು ಸೇರಿದ್ದರು. ಮತ್ತಿಮರದ ಬೇರಿನ ಸಂದಿಯಲ್ಲಿ ಒಂದು ಮೊಲ, ಬುಡದಿಂದ ಒಂದಾಳು ಮೇಲೆ ಒಂದು ಉಡ, ನೀರಂಚಿನಲ್ಲಿ ಸುರುಳಿ ಸುತ್ತಿಕೊಂಡ ಎರಡು ನೀರುಹಾವು. ನಮಗಿಂತ ಮೊದಲೇ ಬಂದವರು ಅನ್ನುವ ಗತ್ತು ಅವಕ್ಕಿತ್ತು. ಅತ್ತೆ ಒಂದು ಕೋಲು ತಗೊಂಡು, ಹಾವುಗಳಿಗೆ ಅತ್ತ, ನಮಗೆ ಇತ್ತ ಅಂತ ನೆಲದಲ್ಲಿ ಗೀರೆಳೆದರು. ಹಾವುಗಳು ಆ ಗೀರನ್ನು ಮೆಂಬರಿಗಿಂತ ಚೆನ್ನಾಗಿ ಪಾಲಿಸಿದವು.

ನಮ್ಮೆಜಮಾನರು ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಡ್ಯೂಟಿಯಲ್ಲಿದ್ದರು. ಫೋನ್ ಮಾಡಿದೆ.

"ಎಲ್ಲಿದೀಯ?"

"ತೋಪಲ್ಲಿ, ಮರದ ಕೆಳಗೆ."

"ಯಾವ ಮರ?"

"ಈಗ ಕಾಣ್ತಿರೋದು ಒಂದೇ."

"ಅಮ್ಮ ಇದಾರಾ?" ಅಂದರು. ಇದಾರೆ ಅಂದೆ. "ಹಂಗಾದ್ರೆ ಪರವಾಗಿಲ್ಲ, ಹಗ್ಗ ತರ್ತೀನಿ" ಅಂದರು. ಹೆಂಡತಿ ಭೂಗೋಳ ಓದಿದವಳು ಅನ್ನುವುದು ಅವರಿಗೆ ಧೈರ್ಯ ಕೊಟ್ಟ ಹಾಗೆ ಕಾಣಲಿಲ್ಲ.

ಅತ್ತೆ ಆಗ ಮೊರದ ಹತ್ತಿರ ಕೂತರು. ಮುಟ್ಟಲ್ಲ ಅಂದಿದ್ದವರು ಅರಿಶಿನದ ಪೊಟ್ಟಣ ಬಿಚ್ಚಿ ಮೆಂಬರ ಮೊಣಕಾಲಿಗೆ ಮೆತ್ತಿದರು. ರವಿಕೆ ಕಣ ಹರಿದು ಕಟ್ಟಿದರು. ಹಸಿರು ಸೀರೆಯ ಮಡಿಕೆ ಬಿಡಿಸಿ ಅವರ ಕೈಗೆ ಕೊಟ್ಟರು.

"ಇದು ಗಂಗಮ್ಮನ ಸೀರೆ ದೊಡ್ಡಮ್ಮ" ಅಂದರು ಮೆಂಬರು. ಹಲ್ಲು ಕಟಕಟ ಅನ್ನುತ್ತಿತ್ತು.

"ನಿನ್ನ ಪಂಚೆ ಅವಳ ಹತ್ರ ಇದೆ. ಅವಳ ಸೀರೆ ನಿನ್ನ ಹತ್ರ ಇರ್ಲಿ. ಉಟ್ಕೊಳಪ್ಪ, ಜ್ವರ ಬಂದೀತು."

ಉಟ್ಟುಕೊಂಡರು. ಜರಿ ಅಂಚು ಚೆನ್ನಾಗಿ ಒಪ್ಪುತ್ತಿತ್ತು. ಫೋಟೋಗ್ರಾಫರ್ ಬೇಕೆಂದೇ ಬೆನ್ನು ತಿರುಗಿಸಿ ಕೊಕ್ಕರೆಗಳನ್ನು ನೋಡುತ್ತ ನಿಂತರು. ಈಗ ಅವು ಸಾಲಾಗಿ, ಫ್ರೇಮಿಗೆ ಸರಿಯಾಗಿ, ಎದುರಿನ ಹೊಂಗೆಯ ಮೇಲೆ ಕೂತಿದ್ದವು.

ಮಧ್ಯಾಹ್ನವಾಯಿತು. ನೀರು ದಿಬ್ಬವನ್ನು ನಾಲ್ಕೂ ಕಡೆಯಿಂದ ತಿನ್ನುತ್ತ ಬಂತು. ನೀರಿನ ಮಟ್ಟ ನೋಡಲು ಅತ್ತೆ ಅಂಚಿಗೆ ನೆಟ್ಟಿದ್ದ ಕಡ್ಡಿಯ ಬುಡ ಮುಳುಗಿತು. ಆಗಾಗ ಒಂದೊಂದು ಹೆಂಟೆ ಮಣ್ಣು ಕಳಚಿ ಬೀಳುವ ಸದ್ದು ಕೇಳುತ್ತಿತ್ತು. ನಾನು ದೇವರನ್ನು ನೆನೆಯಲು ಪ್ರಯತ್ನಪಟ್ಟೆ. ತಿದ್ದಬೇಕಾದ ಟೆಸ್ಟ್ ಪೇಪರುಗಳೇ ನೆನಪಿಗೆ ಬಂದವು. ಅತ್ತೆ ತೆಂಗಿನಕಾಯಿಯನ್ನು ಬೇರಿಗೆ ಕುಟ್ಟಿ ಒಡೆದು, ಬೆಲ್ಲ ಚೂರು ಮಾಡಿ, ಬಾಳೆಹಣ್ಣಿನ ಜೊತೆ ನಾಲ್ಕು ಪಾಲು ಹಾಕಿದರು.

ಮೆಂಬರು ಕೈ ಚಾಚಲಿಲ್ಲ. "ದೇವರಿಗೆ ಅಂತ ತಂದಿದ್ದು."

"ದೇವರು ಇಷ್ಟು ವರ್ಷದಲ್ಲಿ ಊರಿನ ಟೊಮೇಟೊ, ನನ್ನ ಈಚಲು, ಇವತ್ತು ನಿನ್ನ ಪಂಚೆ ತಿಂದಿದಾಳೆ. ಅವಳಿಗೆ ಹಸಿವಿಲ್ಲ. ತಿನ್ನು."

ನನಗೆ ಆಗ ಬಂತು ನಗು. ನಿಲ್ಲಲೇ ಇಲ್ಲ. ಫೋಟೋಗ್ರಾಫರೂ ನಕ್ಕರು. ಮೆಂಬರು ನಮ್ಮಿಬ್ಬರನ್ನೂ ನೋಡಿ, ತಮ್ಮ ಹಸಿರು ಸೀರೆಯನ್ನು ನೋಡಿಕೊಂಡು, ಬಾಳೆಹಣ್ಣು ಸುಲಿದರು. ತಿನ್ನುತ್ತಾ ತಿನ್ನುತ್ತಾ, "ನಂಗೆ ಈಜು ಬರಲ್ಲ ದೊಡ್ಡಮ್ಮ" ಅಂದರು, ಯಾರೂ ಕೇಳದೆಯೇ. "ಹೊಳೆ ಊರವನು ಅಂತ ಭಾಷಣ ಮಾಡ್ತೀನಿ. ಈ ತೋಪಿಗೆ ಬಂದಿದ್ದೇ ಇವತ್ತು."

"ನಂಗೂ ಬರಲ್ಲ" ಅಂದರು ಅತ್ತೆ. "ಅದಕ್ಕೇ ನೀರು ನೋಡ್ತಾ ಇರ್ತೀನಿ."

ಮೂರು ಗಂಟೆ ಹೊತ್ತಿಗೆ ಅತ್ತೆ ನೆಟ್ಟಿದ್ದ ಕಡ್ಡಿಯ ಬುಡ ಮತ್ತೆ ಕಾಣಿಸಿತು. ನೀರು ಇಳಿಯುತ್ತಿತ್ತು. ಆಚೆ ದಡದಲ್ಲಿ ನಮ್ಮೆಜಮಾನರು, ಊರಿನ ಆರೇಳು ಜನ ಹಗ್ಗ ಹಿಡಿದು ಬಂದಿದ್ದರು. ಹೊರಡುವ ಮೊದಲು ಮೆಂಬರು ಮೊರ ನೋಡಿದರು. ಬಳೆ, ಬಾಚಣಿಗೆ, ಕನ್ನಡಿ, ಒಂದಿಷ್ಟು ಅಕ್ಕಿ ಬೇಳೆ ಉಳಿದಿತ್ತು. ನಾನು ಎತ್ತಿಕೊಳ್ಳಲು ಬಗ್ಗಿದೆ. ಅವರು, "ಟೀಚರಮ್ಮ, ಬೇಡ. ದೊಡ್ಡಮ್ಮಾನೇ ಬಿಡ್ಲಿ" ಅಂದರು.

ಅತ್ತೆ ಅವರ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊರ ಎತ್ತಿ, ಮಡುವಿನ ಅಂಚಿಗೆ ಇಳಿದು ನೀರಿಗೆ ಬಿಟ್ಟರು. "ತಗಳಮ್ಮ, ಮಿಕ್ಕಿದ್ದು ಇಷ್ಟೇ" ಅಂದರು. ಮಾವ ಹೋದ ಮೇಲೆ ಯಾರೂ ಅವರನ್ನು ಇಂಥದ್ದಕ್ಕೆ ಕರೆದಿರಲಿಲ್ಲ. ಮೇಲೆ ಬಂದವರು ಸೆರಗು ಬಿಚ್ಚಿ ತಲೆತುಂಬ ಹೊದ್ದುಕೊಂಡರು. ಚಳಿಗೆ ಅಂದರು. ಚಳಿ ಇತ್ತು, ನಿಜ.

ಹಗ್ಗ ಹಿಡಿದು ಒಬ್ಬೊಬ್ಬರಾಗಿ ದಾಟಿದೆವು. ಹಸಿರು ಸೀರೆಯಲ್ಲಿ ದಡ ಹತ್ತಿದ ಮೆಂಬರನ್ನು ಕಂಡು ಊರಿನವರು ಬಾಯಿ ತೆರೆದರು. ಅತ್ತೆ ಮೊದಲೇ, "ಯಾರಾದ್ರೂ ಫೋನ್ ತೆಗೆದ್ರೆ ಹೊಳೆಗೆ ಎಸಿತೀನಿ" ಅಂದಿದ್ದರಿಂದ ಅದರ ಫೋಟೋ ಎಲ್ಲೂ ಇಲ್ಲ. ಪೇಪರಿಗೂ ಏನೂ ಕಳಿಸಲಿಲ್ಲ. ವಾರ ಕಳೆದ ಮೇಲೆ ಅಲೀಪುರದಿಂದ ಒಂದು ಕವರು ಬಂತು. ಒಳಗೆ ಒಂದೇ ಫೋಟೋ: ನೆಲದಲ್ಲಿ ಗೀರು, ಅದರಾಚೆ ಎರಡು ಹಾವು, ಈಚೆ ಕೋಲು ಹಿಡಿದು ಕೂತ ನಮ್ಮತ್ತೆ. ಯಾವಾಗ ತೆಗೆದರೋ ಗೊತ್ತಾಗಲಿಲ್ಲ. ಅತ್ತೆ ನೋಡಿ, ತಲೆ ಬಾಚಿಲ್ಲ ಅಂತ ಬೀರುವಿನೊಳಗೆ ಇಟ್ಟರು.

ಮುಂದಿನ ವರ್ಷದ ನೀರಿಗೆ ಆ ದಿಬ್ಬ ಪೂರ್ತಿ ಹೋಯಿತು. ಮತ್ತಿಮರ ಅಡ್ಡಡ್ಡ ಬಿತ್ತು. ಅದರ ಬೇರಿಗೆ ಮರಳು ನಿಂತು ಇನ್ನೂರು ಹೆಜ್ಜೆ ಕೆಳಗೆ ಹೊಸ ದಿಬ್ಬವೆದ್ದಿದೆ. ನಾನು ಮಕ್ಕಳಿಗೆ ಈಗ ಹೊಳೆ ಬರೆಯುವಾಗ ಒರೆಸುವ ಬಟ್ಟೆ ಕೈಯಲ್ಲೇ ಇಟ್ಟುಕೊಂಡಿರುತ್ತೇನೆ.

ಮೊನ್ನೆ ರಜೆಯಲ್ಲಿ ನಾನೂ ಅತ್ತೆಯೂ ಸೊಪ್ಪಿಗೆ ಹೋಗಿದ್ದೆವು. ಅತ್ತೆ ಮೊಣಕಾಲುದ್ದ ನೀರಿನಲ್ಲಿ ನಿಂತು ಹೊನಗೊನೆ ಕುಯ್ಯುತ್ತಿದ್ದರು. ದಂಡೆಯಲ್ಲಿ ಸ್ಕೂಟರ್ ನಿಲ್ಲಿಸಿದ ಸದ್ದಾಯಿತು. ಮೆಂಬರು.

"ದೊಡ್ಡಮ್ಮ, ಒಂದು ಕಟ್ಟು ನಂಗೂ ಕೊಡ್ತೀಯಾ? ಮನೇಲಿ ಕೇಳಿದ್ಲು."

"ಬಂದು ತಗೋ."

"ನೀರೆಷ್ಟಿದೆ?"

"ನಿಂತಿದೀನಲ್ಲ, ನೋಡು."

ಅವರು ಅತ್ತೆಯ ಮೊಣಕಾಲನ್ನು ನೋಡಿದರು, ಮೇಲೆ ನಂದಿಯ ಕಡೆ ಆಕಾಶ ನೋಡಿದರು, ಅಂಚಿನ ಇರುವೆಗಳನ್ನೂ ಬಗ್ಗಿ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಪಂಚೆಯನ್ನು ಎರಡು ಗಂಟು ಹಾಕಿ ಬಿಗಿದು, ಒಂದೊಂದೇ ಹೆಜ್ಜೆ ಇಟ್ಟು ನೀರಿಗಿಳಿದರು.